ಬಣ್ಣದ ಘಟಕದ ವಾಸನೆ: ಶುಕ್ರವಾರದ ಮನವಿಯಲ್ಲಿ ಏನು ಕೇಳಬೇಕು?

ಸಂಘದ ಕಾರ್ಯದರ್ಶಿ: ಎಲ್ಲರಿಗೂ ನಮಸ್ಕಾರ. ಹೊಸೂರಿನ ನಮ್ಮ ಬಡಾವಣೆಯ ಹಿಂದಿರುವ ಬಣ್ಣ ಬಳಿಯುವ ಘಟಕದಿಂದ ರಾತ್ರಿ ಪಾಳಿಯಲ್ಲಿ ಬರುವ ಥಿನ್ನರ್ ವಾಸನೆಯ ಬಗ್ಗೆ ಶುಕ್ರವಾರ ತಮಿಳುನಾಡು ಮಾಲಿನ್ಯ ನಿಯಂತ್ರಣ ಮಂಡಳಿಗೆ ಮನವಿ ಕೊಡಲಿದ್ದೇವೆ. ಚಿಮಣಿಯನ್ನು ಎತ್ತರಿಸುವುದಾಗಿ ಘಟಕದವರು ಹೇಳಿದ್ದಾರೆ. ಒಪ್ಪಬಹುದೇ?

ಮೂರನೇ ಅಡ್ಡರಸ್ತೆಯ ಗೃಹಿಣಿ: ಒಪ್ಪಬಾರದು. ನಿನ್ನೆ ಬೆಳಗ್ಗೆ ಮಹಡಿಯ ಮೇಲಿಂದ ತಂದ ಮಗುವಿನ ಅಂಗಿಯಲ್ಲಿ ಸೋಪಿನ ವಾಸನೆಯ ಬದಲು ಥಿನ್ನರ್ ವಾಸನೆ ಇತ್ತು; ಮತ್ತೆ ಒಗೆದು ನಡುಮನೆಯಲ್ಲಿ ಹಗ್ಗ ಕಟ್ಟಿ ಒಣಹಾಕಿದೆ. ಚಿಮಣಿ ಎತ್ತರವಾದರೆ ಇದೇ ವಾಸನೆ ಆಚೆ ಬೀದಿಯವರ ಬಟ್ಟೆಗೆ ಹತ್ತುತ್ತದೆ.

ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ: ಅಮ್ಮ ಹೇಳಿದ್ದು ನಿಜ. ಆವಿ ಹೊರಬೀಳುವ ಮುನ್ನವೇ ಅದನ್ನು ಒಡೆಯುವ ವ್ಯವಸ್ಥೆಯನ್ನು ನಾವು ಕೇಳಬೇಕು, ಮತ್ತು ಬಯೋಫಿಲ್ಟರ್ ಎಂದು ಹೆಸರು ಹೇಳಿಯೇ ಕೇಳಬೇಕೆಂಬುದು ನನ್ನ ಅಭಿಪ್ರಾಯ. ಕಾಂಪೋಸ್ಟ್, ಮರದ ಚಕ್ಕೆ ಅಥವಾ ನಮ್ಮೂರ ಗುಲಾಬಿ ತೋಟಗಳಲ್ಲಿ ಬಳಸುವ ತೆಂಗಿನ ನಾರಿನ ಪುಡಿಯಂಥ ವಸ್ತುವನ್ನು ಸುಮಾರು 1 ಮೀಟರ್ ದಪ್ಪಕ್ಕೆ ಹಾಸಿ, ಅದರೊಳಗೆ ಘಟಕದ ಗಾಳಿಯನ್ನು ನಿಧಾನವಾಗಿ ಹಾಯಿಸುತ್ತಾರೆ. ಕಣಗಳನ್ನು ಸುತ್ತಿರುವ ತೇವದ ಪೊರೆಯಲ್ಲಿ ಆವಿ ಕರಗುತ್ತದೆ. ಅಲ್ಲಿ ಬೆಳೆದ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಥಿನ್ನರಿನಲ್ಲಿರುವ ಟಾಲೂಯೀನ್, ಈಥೈಲ್ ಅಸಿಟೇಟ್‌ನಂಥ ದ್ರಾವಕಗಳನ್ನೇ ಆಹಾರವಾಗಿಸಿಕೊಂಡು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಮಾರ್ಪಡಿಸುತ್ತವೆ. ಸಾಮಾನ್ಯವಾಗಿ ಗಾಳಿ ಅರ್ಧದಿಂದ ಒಂದು ನಿಮಿಷವಾದರೂ ಹಾಸಿನಲ್ಲಿರಬೇಕಾದ್ದರಿಂದ ಜಾಗ ಹೆಚ್ಚು ಬೇಕಾಗುತ್ತದೆ.

ಐದನೇ ಅಡ್ಡರಸ್ತೆಯ ನಿವಾಸಿ: ಮೇಷ್ಟ್ರೇ, ಆವಿಯನ್ನು ಸುಟ್ಟುಬಿಡುವ ಯಂತ್ರವೂ ಇದೆಯಲ್ಲವೇ?

ನಿವೃತ್ತ ಉಪನ್ಯಾಸಕ: ಇದೆ. ಆದರೆ ಹೆಚ್ಚು ಗಾಳಿಯಲ್ಲಿ ಸ್ವಲ್ಪವೇ ಆವಿ ಬೆರೆತಿದ್ದರೆ ಅಷ್ಟೂ ಗಾಳಿಯನ್ನು ಕಾಯಿಸಲು ಇಂಧನ ಸುಡಬೇಕು. ಸಕ್ರಿಯ ಇದ್ದಿಲಾದರೆ ಆವಿ ಹೀರಿ ತುಂಬಿದ ಮೇಲೆ ಬದಲಿಸಬೇಕು. ತೆಳುವಾದ ಆವಿಗೇ ಬಯೋಫಿಲ್ಟರ್ ಹೊಂದುವುದು. ಹಾಗೆಂದು ಕಟ್ಟಿ ಮರೆಯುವಂತಿಲ್ಲ. ಹಾಸು ಒಣಗಿ ಬಿರುಕು ಬಿಟ್ಟರೆ ಗಾಳಿ ಆ ಬಿರುಕಿನಲ್ಲೇ ನುಸುಳಿ ಶುದ್ಧವಾಗದೆ ಹೋಗುತ್ತದೆ, ಆದ್ದರಿಂದ ಒಳಬರುವ ಗಾಳಿಗೆ ಮೊದಲೇ ತೇವ ಕೊಡಬೇಕು. ಬಣ್ಣದ ಸಣ್ಣ ಹನಿಗಳು ಹಾಸಿನ ರಂಧ್ರಗಳನ್ನು ಕಟ್ಟಿಹಾಕದಂತೆ ಮುಂಚೆಯೇ ಸೋಸಬೇಕು. ಥಿನ್ನರಿನಲ್ಲಿ ಕ್ಲೋರಿನ್ ಇರುವ ದ್ರಾವಕಗಳಿದ್ದರೆ ಅವು ಒಡೆಯುವಾಗ ಆಮ್ಲ ಹುಟ್ಟಿ ಜೀವಾಣುಗಳಿಗೇ ಪೆಟ್ಟು ಬೀಳುತ್ತದೆ. ಹಾಗಾಗಿ ಯಾವ ದ್ರಾವಕ, ಎಷ್ಟು ಬಳಕೆ ಎಂಬ ವಿವರವನ್ನು ಮೊದಲ ಬೇಡಿಕೆಯಾಗಿ ಬರೆಯಿರಿ.

ಕಾರ್ಯದರ್ಶಿ: ಬರೆದುಕೊಂಡೆ. ಹಾಸಿನ ಮುಂದೆ ಮತ್ತು ಹಿಂದೆ ಆವಿಯ ಪ್ರಮಾಣವನ್ನು ಅಳೆದು ನಮಗೂ ತಿಳಿಸಬೇಕೆಂದು ಸೇರಿಸುತ್ತೇನೆ. ತಮಿಳಿನಲ್ಲಿ ಯಾರು ಬರೆದುಕೊಡುವಿರಿ?

ಐದನೇ ಅಡ್ಡರಸ್ತೆಯ ನಿವಾಸಿ: ನಾನು ಬರೆಯುತ್ತೇನೆ. ವಾಸನೆ ಬಂದ ದಿನಾಂಕ ಮತ್ತು ಹೊತ್ತನ್ನು ಎಲ್ಲರೂ ನಾಳೆ ಸಂಜೆಯೊಳಗೆ ಇಲ್ಲಿಯೇ ಹಾಕಿದರೆ ಮನವಿಯ ಜತೆ ಲಗತ್ತಿಸಬಹುದು.