ಸಹಾಯ ಬೇಕು: ಟೈರ್ ಪೈರಾಲಿಸಿಸ್‌ನ ಕರಿ ಪುಡಿಗೆ ದಾರಿ ಯಾವುದು?

ಎಲ್ಲರಿಗೂ ನಮಸ್ಕಾರ. ತುಮಕೂರು ಕಡೆ ನಮ್ಮದೊಂದು ಸಣ್ಣ ಘಟಕ ಇದೆ. ಹಳೇ ಲಾರಿ ಟೈರ್‌ಗಳನ್ನು ಗಾಳಿ ಸೇರದ ರಿಯಾಕ್ಟರ್‌ನಲ್ಲಿ 450 ಡಿಗ್ರಿ ಆಸುಪಾಸು ಕಾಯಿಸುತ್ತೇವೆ, ಇದಕ್ಕೇ ಪೈರಾಲಿಸಿಸ್ ಅನ್ನುವುದು. ಅದರಿಂದ ಬರುವ ಎಣ್ಣೆಯು ಫರ್ನೇಸ್‌ನವರಿಗೆ, ಟೈರ್ ಒಳಗಿನ ಉಕ್ಕಿನ ತಂತಿ ಗುಜರಿಗೆ ಹೋಗುತ್ತದೆ. ಗ್ಯಾಸ್ ಅದೇ ರಿಯಾಕ್ಟರ್ ಉರಿಗೆ ಆಗುತ್ತದೆ. ತಲೆನೋವು ಇರುವುದು ಕೊನೆಗೆ ಉಳಿಯುವ ಕರಿ ಪುಡಿಯದ್ದು, ಅಂದರೆ ಹೆಚ್ಚಾಗಿ ಇಂಗಾಲ. ಟೈರ್ ತೂಕದ ಸುಮಾರು ಮೂರನೇ ಒಂದು ಭಾಗ ಅದೇ ಅಲ್ವಾ? ಶೆಡ್ ತುಂಬಾ ಚೀಲಗಳು. ಮುಟ್ಟಿದರೆ ಕೈಗೆ ಮೆತ್ತಿಕೊಳ್ಳುತ್ತದೆ, ಎಣ್ಣೆ ವಾಸನೆ ಬೇರೆ.

ಮ್ಯಾಗ್ನೆಟ್ ಇಟ್ಟು ತಂತಿ ಚೂರು ತೆಗೆದೆವು, ಜರಡಿ ಹಿಡಿದೆವು, ನುಣ್ಣಗೆ ಬೀಸಿಸಿಯೂ ನೋಡಿದೆವು. ಆದರೂ ರಬ್ಬರ್ ಮ್ಯಾಟ್ ಮಾಡುವವರು ಬೂದಿ ಅಂಶ ಜಾಸ್ತಿ ಅಂತ ವಾಪಸ್ ಕಳಿಸುತ್ತಾರೆ. ಬೂದಿ ಅಂದರೆ ಸುಡದೆ ಉಳಿಯುವ ಖನಿಜ: ಟೈರ್‌ಗೆ ಹಾಕಿದ ಸಿಲಿಕಾ, ಜಿಂಕ್ ಆಕ್ಸೈಡ್ ಎಲ್ಲ ಪುಡಿಯಲ್ಲೇ ಉಳಿಯುತ್ತದೆ, ಎಷ್ಟು ಬೀಸಿದರೂ ಅದು ಹೋಗಲ್ಲ. ಆಸಿಡ್‌ನಲ್ಲಿ ತೊಳೆದರೆ ಜಿಂಕ್ ಬಹುಪಾಲು ಹೋಗುತ್ತದೆ, ಸಿಲಿಕಾ ಹೋಗಲ್ಲ. ಮೇಲೆ ಆ ತೊಳೆದ ನೀರಿನ ಗತಿ ಏನು? ಪಕ್ಕದಲ್ಲೇ ಕೆರೆ ಇದೆ, ಅದಕ್ಕೆ ಒಂದು ತೊಟ್ಟೂ ಸೇರಬಾರದು.

ನನ್ನ ಪ್ರಶ್ನೆ ಇಷ್ಟೇ: ಸಣ್ಣ ಘಟಕದಲ್ಲಿ ಆಸಿಡ್ ತೊಳೆತ, ನೀರಿನ ಶುದ್ಧೀಕರಣ ಎರಡೂ ಮಾಡಿ ಖರ್ಚು ಗಿಟ್ಟಿಸಿಕೊಂಡವರು ಇದ್ದೀರಾ? ಇಲ್ಲದಿದ್ದರೆ, ತೊಳೆಯದ ಪುಡಿಯನ್ನೇ ಕೊಳ್ಳುವ ಉದ್ಯಮ ಯಾವುದು, ಅವರು ಬೂದಿ ಎಷ್ಟು ಪರ್ಸೆಂಟ್ ತನಕ ಒಪ್ಪುತ್ತಾರೆ?