ಬೋಟ್ ಟ್ರೇಲರ್ ಬೇರಿಂಗ್: ಬಿಚ್ಚಬೇಕಾ, ಸುಮ್ನೆ ಗ್ರೀಸ್ ಹೊಡೆದರೆ ಸಾಕಾ?

ಕೇಳಿದವರು, ಮಿನಿಯಾಪೊಲಿಸ್

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು 17 ಅಡಿಯ ಹಳೇ ಬೋಟ್ ಒಂದನ್ನು ಕೊಂಡೆ. ಜೊತೆಗೆ ಒಂದೇ ಆಕ್ಸಲ್‌ನ ಟ್ರೇಲರ್ ಬಂತು. ಚಕ್ರದ ನಡುವಿನ ಹಬ್ ತುದಿಯಲ್ಲಿ ಬೇರಿಂಗ್ ಬಡ್ಡಿ, ಅಂದರೆ ಒಳಗೆ ಸ್ಪ್ರಿಂಗ್ ಇರುವ ಮುಚ್ಚಳ, ಹಾಕಿದ್ದಾರೆ. "ಆಗಾಗ ಗ್ರೀಸ್ ಹೊಡೆಯಿರಿ, ಬೇರೇನೂ ಬೇಡ" ಎಂದರು ಮಾರಿದವರು. ಮಿಲ್ ಲ್ಯಾಕ್ಸ್ ಸರೋವರಕ್ಕೆ ಇಲ್ಲಿಂದ ಸುಮಾರು 100 ಮೈಲಿ. ಹೊರಡುವ ಮೊದಲು ಬಿಚ್ಚಿ ನೋಡಬೇಕಾ? ಟೈರ್ ಬದಲಿಸುವುದು ಬಿಟ್ಟರೆ ನನಗೆ ಬೇರೆ ರಿಪೇರಿ ಗೊತ್ತಿಲ್ಲ.

ಹ್ಯೂಸ್ಟನ್‌ನಿಂದ

ಬಿಚ್ಚಿ ಸರ್. ಮಾರಿದವರ ಮಾತು ನಂಬಿ ನಾನು ಒಮ್ಮೆ ಅನುಭವಿಸಿದ್ದೇನೆ. ಗ್ಯಾಲ್ವೆಸ್ಟನ್‌ನಿಂದ ರಾತ್ರಿ ಮನೆಗೆ ಬರುವಾಗ ಸುಟ್ಟ ವಾಸನೆ ಬಂತು. ಕಾರಿನದ್ದು ಅಂದುಕೊಂಡೆ. ಕನ್ನಡಿಯಲ್ಲಿ ನೋಡಿದರೆ ಟ್ರೇಲರ್‌ನ ಬಲ ಚಕ್ರ ವಾಲಾಡುತ್ತಿತ್ತು. ಹಬ್ ಬಿಚ್ಚಿದಾಗ ಬೇರಿಂಗ್ ಎನ್ನುವುದೇ ಉಳಿದಿರಲಿಲ್ಲ, ಸ್ಪಿಂಡಲ್, ಅಂದರೆ ಹಬ್ ಕೂರುವ ಆಕ್ಸಲ್ ತುದಿ, ನೀಲಿಗಟ್ಟಿತ್ತು. ಇನ್ನೊಂದು ಚಕ್ರದ ಗ್ರೀಸ್ ಹಾಲು ಜಾಸ್ತಿಯಾದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಅಂದರೆ ನೀರು ಸೇರಿದೆ ಎಂದರ್ಥ.

ನೀರು ಹೇಗೆ ಸೇರುತ್ತದೆ ಅಂತ ನನಗೂ ಆಮೇಲೆ ಗೊತ್ತಾಯಿತು. ಹೈವೇಯಲ್ಲಿ ಓಡಿ ಹಬ್ ಬಿಸಿಯಾಗಿರುತ್ತದೆ. ಬಂದ ತಕ್ಷಣ ಬೋಟ್ ಇಳಿಸುವ ಇಳಿಜಾರಾದ ರ‍್ಯಾಂಪ್‌ನಲ್ಲಿ ತಣ್ಣೀರಿಗೆ ಇಳಿಸುತ್ತೇವೆ. ಒಳಗಿನ ಬಿಸಿ ಗಾಳಿ ಒಮ್ಮೆಲೇ ಕುಗ್ಗುತ್ತದೆ, ಹಬ್ ಹಿಂಬದಿಯ ಸೀಲ್ (ಗ್ರೀಸ್ ಹೊರಗೆ ಬಾರದಂತೆ ತಡೆಯುವ ಬಳೆ) ಮೂಲಕ ನೀರನ್ನು ಎಳೆದುಕೊಳ್ಳುತ್ತದೆ. ಬ್ರೇಕ್ ಇರುವ ಟ್ರೇಲರ್ ಆದರೆ ಹಬ್ ಇನ್ನೂ ಬಿಸಿ. ಅದಕ್ಕೇ ನಾನು ರ‍್ಯಾಂಪ್ ಹತ್ತಿರ ಹೋದ ಮೇಲೆ ಅರ್ಧ ಗಂಟೆ ಇಳಿಸುವುದೇ ಇಲ್ಲ. ಬೆಲ್ಟ್ ಬಿಚ್ಚುವುದು, ಲೈಫ್ ಜಾಕೆಟ್ ತೆಗೆಯುವುದು, ಬೋಟಿನ ತಳದ ಬಿರಡೆ ಹಾಕುವುದು ಎಲ್ಲಾ ಆಗ. ಉಪ್ಪುನೀರಲ್ಲಿ ಇಳಿಸಿದ ದಿನ ಮನೆಯಲ್ಲಿ ಸಿಹಿನೀರಿನಿಂದ ತೊಳೆಯುತ್ತೇನೆ. ಆದರೆ ಹಬ್ ಒಳಗೆ ಹೋದ ಉಪ್ಪನ್ನು ಪೈಪ್ ಹಿಡಿದು ತೊಳೆಯಲು ಆಗುವುದಿಲ್ಲ ಅಲ್ವಾ.

ಬೇರಿಂಗ್ ಬಡ್ಡಿ ಕೆಟ್ಟದ್ದಲ್ಲ. ಒಳಗೆ ಸ್ವಲ್ಪ ಒತ್ತಡ ಇಟ್ಟು ನೀರನ್ನು ತಡೆಯುತ್ತದೆ. ಆದರೆ ಗ್ರೀಸ್ ಹೋಗುವುದು ಮುಂದಿನಿಂದ. ಹಬ್ ಒಳಗೆ ಮುಂದೊಂದು, ಹಿಂದೊಂದು ಬೇರಿಂಗ್ ಇರುತ್ತದೆ, ಹಿಂದಿನದು ಹೇಗಿದೆ ಅಂತ ಅದು ಹೇಳುವುದಿಲ್ಲ. ಜಾಸ್ತಿ ಹೊಡೆದರೆ ಹಿಂದಿನ ಸೀಲೇ ಹೊರಗೆ ಬರುತ್ತದೆ. ರಿಮ್‌ನ ಒಳಬದಿಯಲ್ಲಿ ಗ್ರೀಸ್ ಸಿಡಿದಿದ್ದರೆ ಸೀಲ್ ಹೋಗಿದೆ ಎಂದೇ ತಿಳಿಯಿರಿ.

ಕೆಲಸ ಕಷ್ಟವೇನಲ್ಲ, ಕೈ ಗಲೀಜಾಗುತ್ತದೆ ಅಷ್ಟೆ. ಟ್ರೇಲರನ್ನು ಕಾರಿಗೆ ಸಿಕ್ಕಿಸಿಯೇ ಇಡಿ, ಇನ್ನೊಂದು ಚಕ್ರಕ್ಕೆ ಅಡ್ಡ ಕೊಡಿ. ನಟ್‌ಗಳನ್ನು ಸ್ವಲ್ಪ ಸಡಿಲಿಸಿಕೊಂಡು ಆಮೇಲೆ ಜಾಕ್ ಏರಿಸಿ, ಸ್ಟ್ಯಾಂಡ್ ಇಡಿ. ಬಿಚ್ಚುವ ಮೊದಲೇ ಚಕ್ರ ತಿರುಗಿಸಿ ಕೇಳಿ. ಗರಗರ ಅಂದರೆ ಬೇರಿಂಗ್ ಹೋಗಿದೆ. ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ ನೋಡಿ, ಜಾಸ್ತಿ ಆಟ ಇರಬಾರದು. ಮುಚ್ಚಳ ತೆಗೆದು, ಸ್ಪ್ಲಿಟ್ ಪಿನ್ ಎಳೆದು, ನಟ್ ಬಿಚ್ಚಿ. ಹಬ್ ಎಳೆಯುವಾಗ ಮುಂದಿನ ಬೇರಿಂಗ್ ಅಂಗೈಗೆ ಬೀಳುವ ಹಾಗೆ ನೋಡಿಕೊಳ್ಳಿ, ಮಣ್ಣಿಗೆ ಬಿದ್ದರೆ ತಲೆನೋವು. ಹಿಂದಿನ ಸೀಲ್ ಎಬ್ಬಿದ ಮೇಲೆ ಅದನ್ನು ಮತ್ತೆ ಹಾಕಬೇಡಿ, ಹೊಸದು ತನ್ನಿ.

ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ. ಗಾಳಿ ಹೊಡೆದು ಗಿರಗಿರ ತಿರುಗಿಸುವ ಆಸೆ ಎಲ್ಲರಿಗೂ ಬರುತ್ತದೆ, ಮಾಡಬೇಡಿ, ರೋಲರ್ ಸಿಡಿದು ಮುಖಕ್ಕೆ ಬರಬಹುದು. ಬೆಳಕಲ್ಲಿ ನೋಡಿ. ನೀಲಿ ಬಣ್ಣ, ತುಕ್ಕಿನ ಚುಕ್ಕೆ, ಉಗುರಿಗೆ ತಾಗುವ ಗುಂಡಿ, ಇವುಗಳಲ್ಲಿ ಯಾವುದಿದ್ದರೂ ಬದಲಿಸಿ. ಹಬ್ ಒಳಗೆ ಕೂತಿರುವ ಕಪ್ ಅನ್ನೂ, ಅಂದರೆ ರೋಲರ್‌ಗಳು ಉರುಳುವ ಬಳೆಯನ್ನೂ, ಬದಲಿಸಿ. ಹಳೇ ಕಪ್‌ಗೆ ಹೊಸ ಬೇರಿಂಗ್ ಹಾಕಿದರೆ ಅದೂ ಬೇಗ ಹಾಳು.

ಗ್ರೀಸ್ ತುಂಬುವುದು ಅಂದರೆ ಮೇಲೆ ಸವರುವುದಲ್ಲ. ಅಂಗೈಯಲ್ಲಿ ಒಂದು ಮುದ್ದೆ ಇಟ್ಟುಕೊಂಡು, ಬೇರಿಂಗ್‌ನ ಅಗಲದ ಬದಿಯನ್ನು ಅದಕ್ಕೆ ಒತ್ತುತ್ತಾ ಹೋಗಿ. ಆ ಕಡೆಯಿಂದ ರೋಲರ್‌ಗಳ ನಡುವೆ ಗ್ರೀಸ್ ಹೊರಬರಬೇಕು. ಸ್ವಲ್ಪ ತಿರುಗಿಸಿ ಮತ್ತೆ ಒತ್ತಿ. ಮರೀನ್ ಗ್ರೀಸನ್ನೇ ಹಾಕಿ. ಹಳೇದನ್ನು ಪೂರ್ತಿ ಒರೆಸಿಬಿಡಿ, ಕೆಲವು ಗ್ರೀಸ್‌ಗಳು ಒಂದಕ್ಕೊಂದು ಸೇರಿದರೆ ನೀರಾಗಿಬಿಡುತ್ತವೆ.

ಟ್ಯಾಂಪಾದಿಂದ

ನಾನು 6 ವರ್ಷದಿಂದ ಬಿಚ್ಚಿಲ್ಲ. ಬೇರಿಂಗ್ ಬಡ್ಡಿಗೆ ಗ್ರೀಸ್ ಹೊಡೆಯುತ್ತೇನೆ, ಏನೂ ಆಗಿಲ್ಲ. ಸುಮ್ನೆ ಹೆದರಿಸಬೇಡಿ.

ಹ್ಯೂಸ್ಟನ್‌ನಿಂದ

ನಿಮ್ಮ ಮನೆಯಿಂದ ರ‍್ಯಾಂಪ್ ಎಷ್ಟು ದೂರ ಸರ್?

ಟ್ಯಾಂಪಾದಿಂದ

3 ಮೈಲಿ. ಸರಿ ಬಿಡಿ, ಅರ್ಥ ಆಯ್ತು.

ಮಂಡ್ಯದಿಂದ

ಬೋಟ್ ಅಂದರೆ ನಾನು ರಂಗನತಿಟ್ಟಿನಲ್ಲಿ ಕೂತಿದ್ದಷ್ಟೆ. ಆದರೆ ನಮ್ಮ ಕಬ್ಬಿನ ಟ್ರೇಲರ್ ಹಬ್‌ನಲ್ಲೂ ಇದೇ ತರದ ಓರೆ ರೋಲರ್ ಬೇರಿಂಗ್, ಅದಕ್ಕೇ ಹೇಳುತ್ತಿದ್ದೇನೆ. ಹೊಸಬರು ತಪ್ಪುವುದು ನಟ್ ಬಿಗಿ ಮಾಡುವಾಗ. ಚಕ್ರ ಅಲ್ಲಾಡಬಾರದು ಅಂತ ಕಚ್ಚಿ ಬಿಗಿದುಬಿಡುತ್ತಾರೆ. ಬೇರಿಂಗ್ ಸುಡುತ್ತದೆ. ಹಬ್ ತಿರುಗಿಸುತ್ತಾ ಸ್ಪ್ಯಾನರ್‌ನಲ್ಲಿ ಬಿಗಿ ಮಾಡಿ, ಎಲ್ಲಾ ಸರಿಯಾಗಿ ಕೂರಲಿ. ಆಮೇಲೆ ನಟ್ ಪೂರ್ತಿ ಸಡಿಲಿಸಿ, ಬರೀ ಬೆರಳಿನಲ್ಲಿ ಬಿಗಿ ಮಾಡಿ. ಪಿನ್ನಿನ ತೂತು ಹೊಂದದಿದ್ದರೆ ಸಡಿಲದ ಕಡೆಗೆ ತಿರುಗಿಸಿ, ಬಿಗಿಯ ಕಡೆಗಲ್ಲ. ಕೂದಲೆಳೆಯಷ್ಟು ಆಟ ಇದ್ದರೆ ಒಳ್ಳೆಯದೇ.

ಸ್ಪ್ಲಿಟ್ ಪಿನ್ ಪ್ರತಿ ಸಲ ಹೊಸದು. ತಂತಿ ಸುತ್ತಬೇಡಿ. ನಮ್ಮ ತಾತ ಗಾಡಿ ಕಟ್ಟುವ ಮೊದಲು ಚಕ್ರ ಕಳಚದಂತೆ ಹಾಕುವ ಕಡಾಣಿ ಮುಟ್ಟಿ ನೋಡುತ್ತಿದ್ದರು, ಕೀಲೆಣ್ಣೆ ಆಮೇಲೆ.

ಸೇಂಟ್ ಪಾಲ್‌ನಿಂದ

ನಮ್ಮ ಊರಿನವರಿಗೆ ಒಂದು ಮಾತು. ಇದನ್ನು ಮೇ ತಿಂಗಳಲ್ಲಿ ಅಲ್ಲ, ಅಕ್ಟೋಬರ್‌ನಲ್ಲಿ ಮಾಡಿ. ಒಳಗೆ ನೀರಿದ್ದರೆ ಚಳಿಗಾಲ ಪೂರ್ತಿ ಕೂತು ತುಕ್ಕು ಹಿಡಿಸುತ್ತದೆ. ಈ ಸಲ ಹೊಸದಾಗಿ ಕೊಂಡಿದ್ದೀರಿ, ಈಗಲೇ ಮಾಡಿ, ಮುಂದಿನದು ಬೋಟ್ ಒಳಗಿಡುವ ಮುಂಚೆ.

ದಾರಿಯಲ್ಲಿ ಪೆಟ್ರೋಲ್ ಹಾಕಿಸಲು ನಿಂತಾಗಲೆಲ್ಲಾ ಹಬ್ ಹತ್ತಿರ ಮೊದಲು ಕೈಯ ಹಿಂಬದಿ ಹಿಡಿದು ನೋಡಿ, ಆಮೇಲೆ ಮುಟ್ಟಿ. ಎರಡೂ ಬೆಚ್ಚಗಿದ್ದರೆ ಸರಿ. ಒಂದು ಬೆಚ್ಚಗೆ, ಇನ್ನೊಂದು ಮುಟ್ಟಲಾರದಷ್ಟು ಬಿಸಿ ಆದರೆ ಮುಂದೆ ಹೋಗಬೇಡಿ. ಗ್ರೀಸ್ ತುಂಬಿದ ಬೇರಿಂಗ್ ಸಮೇತ ಒಂದು ಹಬ್, ಜಾಕ್, ಪಿನ್ ಗಾಡಿಯಲ್ಲಿರಲಿ. ಕಾರಿನ ಜಾಕ್ ಟ್ರೇಲರ್‌ಗೆ ಸರಿಹೊಂದದೆ ಇರಬಹುದು, ಮನೆಯಲ್ಲೇ ಒಮ್ಮೆ ಏರಿಸಿ ನೋಡಿ.

ಕೇಳಿದವರು, ಮಿನಿಯಾಪೊಲಿಸ್

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಬಿಚ್ಚಿದೆ. ಎಡಗಡೆ ಚೆನ್ನಾಗಿತ್ತು. ಬಲಗಡೆ ಸೀಲಿನ ಅಂಚು ಹರಿದಿತ್ತು, ಹಿಂದಿನ ಬೇರಿಂಗ್‌ನಲ್ಲಿ ತುಕ್ಕಿನ ಚುಕ್ಕೆಗಳು. ಹೊರಗಿನಿಂದ ನೋಡಿದರೆ ಎರಡೂ ಕಡೆ ಹೊಸ ಗ್ರೀಸ್ ಫಳಫಳ ಅನ್ನುತ್ತಿತ್ತು!

ಬೇರಿಂಗ್ ಮೇಲೆ ಎಲ್44649 ಅಂತ ಕೊರೆದಿತ್ತು. ಅದು 1 1/16 ಇಂಚಿನ ಸ್ಪಿಂಡಲ್‌ದು, ಕಪ್ ಎಲ್44610. ನಂಬರ್ ಹೇಳಿದ ತಕ್ಷಣ ಅಂಗಡಿಯಲ್ಲಿ ಕೊಟ್ಟರು. ಹಳೇ ಕಪ್ ಹೊಡೆದು ತೆಗೆಯಲು ಒಂದು ಗಂಟೆ ಹಿಡಿಯಿತು. ಹೊಸದನ್ನು ರಾತ್ರಿ ಫ್ರೀಜರ್‌ನಲ್ಲಿಟ್ಟಿದ್ದೆ, ಸಲೀಸಾಗಿ ಕೂತಿತು. ಇಡ್ಲಿ ಹಿಟ್ಟಿನ ಡಬ್ಬಿ ಪಕ್ಕ ಇಟ್ಟಿದ್ದಕ್ಕೆ ಮನೆಯಲ್ಲಿ ಬೈಸಿಕೊಂಡೆ. ಇವತ್ತು 12 ಮೈಲಿ ಓಡಿಸಿ ಬಂದು ಮುಟ್ಟಿ ನೋಡಿದೆ. ಎರಡೂ ಹಬ್ ಒಂದೇ ತರ, ಬೆಚ್ಚಗೆ.