ಸಹಾಯ ಬೇಕು: ಉಚಿತ ಅಫಿಲಿಯೇಟ್ ಪ್ರೋಗ್ರಾಂಗಳಲ್ಲಿ ಯಾವುದನ್ನು ಆರಿಸಲಿ?

ಎಲ್ಲರಿಗೂ ನಮಸ್ಕಾರ. ಹೊಸದಾಗಿ ಫೋಟೋ ತೆಗೆಯಲು ಕಲಿಯುವವರಿಗಾಗಿ ನಾನೊಂದು ವೆಬ್‌ಸೈಟ್ ನಡೆಸುತ್ತಿದ್ದೇನೆ. ಅದರಿಂದ ಸ್ವಲ್ಪ ಆದಾಯ ಬರಲಿ ಅಂತ ಅಫಿಲಿಯೇಟ್ ಮಾರ್ಕೆಟಿಂಗ್‌ಗೆ (ಬೇರೆ ಕಂಪನಿಯ ವಸ್ತುಗಳ ಲಿಂಕ್ ಹಾಕಿ, ಅದರ ಮೂಲಕ ಮಾರಾಟ ಆದರೆ ಕಮಿಷನ್ ಪಡೆಯುವುದು) ಕೈ ಹಾಕಿದೆ. ಈಗ ಮುಂದೇನು ಅಂತ ತೋಚುತ್ತಿಲ್ಲ.

ಮೊದಲು ನೋಡಿದ ಪ್ರೋಗ್ರಾಂ ಸೇರಲು ಶುಲ್ಕ ಕೇಳಿತು. ಅದನ್ನು ಅಲ್ಲೇ ಬಿಟ್ಟೆ. ಮಾರಾಟ ಮಾಡಿಕೊಡುವವರ ಹತ್ತಿರವೇ ದುಡ್ಡು ಕೇಳುವುದು ನನಗೆ ಸರಿ ಕಾಣಲಿಲ್ಲ. ಎರಡನೆಯದಕ್ಕೆ ಉಚಿತವಾಗಿ ಸೇರಿದೆ. ನಾಲ್ಕು ತಿಂಗಳಲ್ಲಿ ಲಿಂಕ್ ಒತ್ತಿದವರು 600ಕ್ಕೂ ಜಾಸ್ತಿ, ಕಮಿಷನ್ ಸಿಕ್ಕಿದ್ದು ಎರಡೇ ಮಾರಾಟಕ್ಕೆ. ಕಾರಣ ಹುಡುಕಿದಾಗ ಗೊತ್ತಾಯಿತು, ಅದರ ಕುಕೀ ಅವಧಿ, ಅಂದರೆ ಲಿಂಕ್ ಒತ್ತಿದ ಮೇಲೆ ಎಷ್ಟು ಸಮಯದೊಳಗೆ ಕೊಂಡರೆ ನನಗೆ ಕಮಿಷನ್ ಸಿಗುತ್ತದೋ ಅದು, ಬರೀ ಒಂದು ದಿನ. ಕ್ಯಾಮೆರಾ, ಲೆನ್ಸ್ ಕೊಳ್ಳುವವರು ವಾರಗಟ್ಟಲೆ ಯೋಚಿಸುತ್ತಾರೆ ಅಲ್ವಾ? ಮೂರನೇ ದಿನ ನೇರವಾಗಿ ಹೋಗಿ ಕೊಂಡರೆ ಅದು ನನ್ನ ಲೆಕ್ಕಕ್ಕೆ ಬರುವುದೇ ಇಲ್ಲ. ಬಂದ ಚೂರು ಹಣವೂ ಕೈಗೆ ಸಿಗಲು ಬೇಕಾದ ಕನಿಷ್ಠ ಮೊತ್ತ ಮುಟ್ಟದೆ ಖಾತೆಯಲ್ಲೇ ಕೂತಿದೆ.

ಅಮೆಜಾನ್‌ನ ಅಫಿಲಿಯೇಟ್ ಪ್ರೋಗ್ರಾಂ ಆದ ಅಮೆಜಾನ್ ಅಸೋಸಿಯೇಟ್ಸ್ ನಿಯಮಗಳನ್ನೂ ಓದಿದೆ. ಸೇರಲು ದುಡ್ಡು ಬೇಡ. ಆದರೆ 180 ದಿನಗಳಲ್ಲಿ ಕನಿಷ್ಠ 3 ಮಾರಾಟ ಆಗಬೇಕು, ಕುಕೀ ಅಲ್ಲೂ 24 ಗಂಟೆಯೇ.

ಇನ್ನೊಂದು ದಾರಿ ಇದೆ. ಫೋಟೋ ಎಡಿಟಿಂಗ್ ಸಾಫ್ಟ್‌ವೇರ್ ಕಂಪನಿಯೊಂದರ ಸ್ವಂತ ಪ್ರೋಗ್ರಾಂ, ಅದೂ ಉಚಿತ. ಕುಕೀ 60 ದಿನ, ಗ್ರಾಹಕರು ಚಂದಾ ಕಟ್ಟುವಷ್ಟು ಕಾಲ ಪ್ರತಿ ತಿಂಗಳೂ ಕಮಿಷನ್. ಆದರೆ ಅಲ್ಲಿರುವುದು ಒಂದೇ ಉತ್ಪನ್ನ. ನನ್ನ ಓದುಗರಲ್ಲಿ ಹೆಚ್ಚಿನವರು ಹುಡುಕಿಕೊಂಡು ಬರುವುದು ಕ್ಯಾಮೆರಾ ಬಗ್ಗೆ. ಅವರಿಗೆ ಬೇಡದ್ದನ್ನು ಸುಮ್ನೆ ತಳ್ಳಲು ಮನಸ್ಸಿಲ್ಲ.

ನಿಮ್ಮಲ್ಲಿ ಇದನ್ನು ಮಾಡಿ ನೋಡಿದವರು ದಯವಿಟ್ಟು ಹೇಳಿ: ಓದುಗರು ಕಡಿಮೆ ಇರುವಾಗ ಕುಕೀ ಅವಧಿ ಜಾಸ್ತಿ ಇರುವ ಒಂದೇ ಉತ್ಪನ್ನದ ಪ್ರೋಗ್ರಾಂ ಹಿಡಿಯಬೇಕಾ, ಅಥವಾ ಎಲ್ಲ ವಸ್ತು ಸಿಗುವ ದೊಡ್ಡ ಪ್ರೋಗ್ರಾಂನಲ್ಲೇ ಮುಂದುವರಿಯಬೇಕಾ?